ಕೆಂಬಾಲದ ಮೀನಿಗೆ ಬಿಟ್ಟ ನೀರು

ಸರ್ಕಾರದ ಅನುದಾನ ಈ ವರ್ಷದಿಂದ ಇಲ್ಲವೆಂದು ತಿಳಿದಾಗ, ಊರವರೆಲ್ಲ ಮೀನು ಡಾಕ್ಟ್ರು ಎಂದೇ ಕರೆಯುತ್ತಿದ್ದ ಅವಳು ಪಂಪಿನ ಕರೆಂಟು ಬಿಲ್ಲನ್ನು ಮುಂದಿಟ್ಟುಕೊಂಡು ಕೂತಳು. ಅವಳ ಸಂಶೋಧನಾ ಕೇಂದ್ರವೆಂದರೆ ತಗಡಿನ ಮಾಡಿನ ಒಂದು ಶೆಡ್ಡು, ಒಳಗೆ ಸಿಮೆಂಟಿನ ತೊಟ್ಟಿಗಳು. ಊರಿನ ಹೊಳೆ ಬಿಟ್ಟರೆ ಬೇರೆಲ್ಲೂ ಹುಟ್ಟದ ಕೆಂಬಾಲದ ಮೀನು ಈಗ ಹೆಚ್ಚುಕಮ್ಮಿ ಆ ತೊಟ್ಟಿಗಳಲ್ಲೇ ಉಳಿದಿತ್ತು. ತೊಟ್ಟಿಗಳಿಗೆ ನೀರು ಹಾಯಿಸುವ ಪಂಪು ನಿಂತರೆ ಅದರ ಕಥೆ ಮುಗಿದಂತೆ.

ಆ ಹೊಳೆಗೆ ಕಟ್ಟಿದ ಅಣೆಕಟ್ಟು ನಡೆಸುವ ವಿದ್ಯುತ್ ಕಂಪನಿಯನ್ನು ಕೇಳುವುದೊಂದೇ ದಾರಿ. ಒಬ್ಬಳೇ ಹೋಗಲು ಧೈರ್ಯ ಸಾಲದೆ ಚಿಕ್ಕಮ್ಮನನ್ನು ಜೊತೆಗೆ ಕರೆದುಕೊಂಡಳು. ಚಿಕ್ಕಮ್ಮ ಮೀನುಗಾರರ ಸಂಘದ ಅಧ್ಯಕ್ಷೆ. ಮಾರುಕಟ್ಟೆಯಲ್ಲಿ ಅವಳ ಬಾಯಿಗೆ ಹೆದರದವರಿಲ್ಲ. ಮೀನು ಡಾಕ್ಟ್ರು ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಬಾಯಿಪಾಠ ಮಾಡುತ್ತಿದ್ದರೆ, ಚಿಕ್ಕಮ್ಮ ಬಸ್ಸಿನ ಕಿಟಕಿಗೆ ತಲೆಯಾನಿಸಿ ಗೊರಕೆ ಹೊಡೆದಳು.

ಕಂಪನಿಯ ಮ್ಯಾನೇಜರು ಒಳ್ಳೆಯವರೇ. ಚಹಾ ತರಿಸಿದರು, ಎಲ್ಲವನ್ನೂ ಕೇಳಿಸಿಕೊಂಡರು. ಕಚೇರಿಯ ಹಜಾರದಲ್ಲಿ ಗೋಡೆಯಗಲದ ಗಾಜಿನ ತೊಟ್ಟಿ ಕಟ್ಟಿಸಿ, ಬಣ್ಣದ ದೀಪ ಹಾಕಿ, ಮೀನುಗಳನ್ನು ಅಲ್ಲೇ ಸಾಕೋಣ ಎಂದರು. ಅದಕ್ಕೆ ಹಣವಿದೆ, ಶೆಡ್ಡಿನ ಖರ್ಚೂ ಅದರಲ್ಲೇ ನಡೆದುಹೋಗುತ್ತದೆ ಎಂದರು.

ಹೂಂ ಎನ್ನುವ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಗಾಜಿನೊಳಗೆ ಸುತ್ತಿ ಸುತ್ತಿ ಮುದಿಯಾಗುವ ಮೀನುಗಳು ಕಣ್ಣಿಗೆ ಕಟ್ಟಿದವು.

"ತೊಟ್ಟೀಲಿ ಬದುಕ್ತವೆ ಸರ್, ಆದ್ರೆ ಮೊಟ್ಟೆ ಇಡಲ್ಲ. ಅದಕ್ಕೆ ಕಲ್ಲಿನ ಮೇಲೆ ಹರಿಯೋ ನೀರು ಬೇಕು. ಮಳೆ ಶುರುವಾದಾಗ ಒಂದು ವಾರ ಗೇಟು ತೆಗೀರಿ, ಮೀನು ಹೊಳೆಗೆ ಬಿಡ್ತೀನಿ. ಗಾಜಿನ ತೊಟ್ಟಿ ಬೇಡ."

ಮ್ಯಾನೇಜರು ಲೆಕ್ಕ ಹಾಕಿದರು. ಗೇಟು ತೆಗೆದರೆ ವಿದ್ಯುತ್ತು ಕಮ್ಮಿಯಾಗುತ್ತದೆ. ಮೇಲಿನವರನ್ನು ಹೇಗೋ ಒಪ್ಪಿಸಬಹುದು, ಆದರೆ ಬಿಟ್ಟ ನೀರಿಗೆ ನಿಮ್ಮವರೇ ಬಲೆ ಬೀಸಿದರೆ ಏನು ಬಂತು ಎಂದು ಕೇಳಿದರು. ಅವಳು ಚಿಕ್ಕಮ್ಮನ ಕಡೆ ತಿರುಗಿದಳು.

ಅಲ್ಲಿಯವರೆಗೆ ಚಹಾದಲ್ಲಿ ಬಿಸ್ಕತ್ತು ಅದ್ದುತ್ತಿದ್ದ ಚಿಕ್ಕಮ್ಮ ಲೋಟ ಕೆಳಗಿಟ್ಟಳು.

"ಬಲೆ ನಾನು ನಿಲ್ಲಿಸ್ತೀನಪ್ಪಾ. ಆದ್ರೆ ಆ ವಾರ ನಮ್ಮೋರ ಮನೇಲಿ ಒಲೆ ಉರೀಬೇಕಲ್ಲ? ಗಾಜಿಗೆ ಅಂತ ಇಟ್ಟಿರೋ ದುಡ್ಡಲ್ಲಿ ಅವ್ರಿಗೆ ದಡ ಕಾಯೋ ಕೂಲಿ ಕೊಡಿ. ಉಳಿದಿದ್ದು ಇವಳ ಪಂಪಿಗೆ."

ಮ್ಯಾನೇಜರಿಗೆ ನಗು ಬಂತು. ಆಗದು ಎನ್ನಲಿಲ್ಲ.

ಒಪ್ಪಂದಕ್ಕೆ ಸಹಿ ಬೀಳುವಷ್ಟರಲ್ಲಿ ಸಾಕುಸಾಕಾಯಿತು. ಸಂಘದಲ್ಲಿ ದೊಡ್ಡ ಜಗಳವಾಗಿ, ಚಿಕ್ಕಮ್ಮನ ಸ್ವಂತ ಮೈದುನನೇ ಮಾತು ಬಿಟ್ಟ. ಆದರೂ ಮಳೆ ಹಿಡಿದ ವಾರ ಗೇಟು ತೆರೆಯಿತು. ತೊಟ್ಟಿಯ ಮೀನುಗಳಲ್ಲಿ ಅರ್ಧವನ್ನು ಹೊಳೆಗೆ ಬಿಟ್ಟರು. ಅಲ್ಲೊಬ್ಬರು ಇಲ್ಲೊಬ್ಬರು ಕದ್ದು ಬಲೆ ಹಾಕಿದರೂ ಮಿಕ್ಕವರು ಮಾತು ಉಳಿಸಿಕೊಂಡರು.

ನೀರು ಇಳಿದು ತಿಳಿಯಾದ ಮೇಲೆ ಅವಳು ಹೊಳೆಗಿಳಿದಳು. ಕಲ್ಲುಗಳ ಸಂದಿಯಲ್ಲಿ, ಮೊದಲು ಕಸವೆಂದುಕೊಂಡಿದ್ದು, ಅವಳ ನೆರಳು ಬಿದ್ದೊಡನೆ ಚದುರಿತು. ಕೂದಲೆಳೆಯಷ್ಟು ತೆಳ್ಳನೆಯ ಮರಿಗಳು. ಅವಳು ದಡದಲ್ಲಿದ್ದ ಚಿಕ್ಕಮ್ಮನಿಗೆ ಕೈಬೀಸಿದಳು. ಚಿಕ್ಕಮ್ಮ ಚಪ್ಪಲಿ ಸಮೇತ ನೀರಿಗಿಳಿದು, ಬಗ್ಗಿ, ಬಹಳ ಹೊತ್ತು ನೋಡಿದಳು.

"ಇವಕ್ಕೆ ತಿನ್ನೋಕೆ ಏನೇ ಹಾಕ್ತೀಯ?"

"ಏನೂ ಬೇಕಾಗಿಲ್ಲ ಚಿಕ್ಕಮ್ಮ. ಇನ್ಮೇಲೆ ಹೊಳೆನೇ ನೋಡ್ಕೊಳ್ಳುತ್ತೆ."

ಮರಿಗಳು ಮತ್ತೆ ಗುಂಪುಗೂಡುವವರೆಗೆ ಇಬ್ಬರೂ ಅಲುಗಾಡದೆ ನಿಂತರು.