ಅವಳ ಸಹಿ, ನನ್ನ ಕೈ

ನನ್ನ ಹೆಂಡತಿಯ ಹಳೆಯ ಪಾಸ್‌ಪೋರ್ಟಿನಲ್ಲಿರುವ ಸಹಿ ನಾನು ಹಾಕಿದ್ದು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದಕ್ಕೆಲ್ಲ ನಾನೇ ಹೊಣೆ ಎಂದು ನೀವು ತೀರ್ಮಾನಿಸಬಹುದು. ತೀರ್ಮಾನಿಸಿ. ಆದರೆ ಹತ್ತು ವರ್ಷದ ಹಿಂದೆ ಆ ಅರ್ಜಿಯಲ್ಲಿ ಸಹಿಗೆಂದು ಕೊಟ್ಟಿದ್ದ ಚೌಕ ಎಷ್ಟು ಚಿಕ್ಕದಿತ್ತು ಎಂಬುದನ್ನೂ ನೀವು ನೋಡಬೇಕಿತ್ತು. ಗೆರೆಗೆ ತಾಗಿದರೆ ಅರ್ಜಿ ವಾಪಸ್ಸು. ನನ್ನವಳು ಸಹಿ ಹಾಕುವುದೆಂದರೆ ಶಾಲೆಯ ಮಗುವಿನ ಹಾಗೆ ತನ್ನ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಬರೆಯುವುದು. ಕೊನೆಯ ಅಕ್ಷರದ ಬಾಲ ಮೇಲಿನ ಸಾಲಿಗೆ ಹತ್ತಿ ಕೂರುತ್ತದೆ. ಎರಡು ಅರ್ಜಿ ಹಾಳು ಮಾಡಿದಳು. ಮೂರನೆಯದನ್ನು ಅವಳ ಕೈಯಿಂದ ಕಸಿದುಕೊಂಡು ಚೌಕದ ನಟ್ಟನಡುವೆ ನಾನೇ ಒಂದು ಸಹಿ ಎಳೆದೆ. ಬಲಕ್ಕೆ ವಾಲಿದ ನಾಲ್ಕು ಸುರುಳಿ, ಅಡಿಯಲ್ಲಿ ಒಂದು ಗೆರೆ, ಗೆರೆಯ ಕೆಳಗೆ ಎರಡು ಚುಕ್ಕಿ. ಅವಳು ಅದನ್ನು ತಿರುವಿ ಮುರುವಿ ನೋಡಿ, ಇದು ಯಾರು ಎಂದು ಕೇಳಿದಳು.

ಸಹಿಯ ವಿಷಯದಲ್ಲಿ ನನಗೆ ಪಾಠ ಹೇಳುವ ಗಂಡಸು ಆಗ ಯಾರೂ ಇರಲಿಲ್ಲ, ಹೆಂಗಸಂತೂ ಇರಲೇ ಇಲ್ಲ. ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ಜನರ ಸಹಿಯನ್ನು ಹಳೆಯ ಸಹಿಯ ಪಕ್ಕದಲ್ಲಿಟ್ಟು ಹೋಲಿಸುವುದೇ ನನ್ನ ಕೆಲಸವಾಗಿತ್ತು. ಒಂದು ಸುರುಳಿ ಅಕ್ಕಿಕಾಳಿನಷ್ಟು ಆಚೀಚೆಯಾದರೂ ನನ್ನ ಕಣ್ಣಿಗೆ ಬೀಳುತ್ತಿತ್ತು. ಜೊತೆಯವರು ನನ್ನನ್ನು ರುಜು ಮೇಷ್ಟ್ರು ಎಂದು ಕರೆಯುತ್ತಿದ್ದರು. ಅದು ಹೊಗಳಿಕೆಯೆಂದೇ ನಿವೃತ್ತಿಯವರೆಗೂ ನಂಬಿದ್ದೆ.

ಆ ಪಾಸ್‌ಪೋರ್ಟುಗಳನ್ನು ನಾವಿಬ್ಬರೂ ಮಾಡಿಸಿದ್ದು ಹೊರದೇಶದಲ್ಲಿರುವ ಅವಳ ಅಕ್ಕನ ಮನೆಗೆ ಹೋಗಲೆಂದು. ತಾಯಿ ತೀರಿಕೊಂಡ ಮೇಲೆ ನನ್ನವಳಿಗೆ ತಲೆ ಬಾಚಿ, ಊಟ ಹಾಕಿ, ಬೆಳೆಸಿದ್ದು ಆ ಅಕ್ಕನೇ. ಹೋಗಲಿಲ್ಲ. ಮೊದಲ ವರ್ಷ ಬ್ಯಾಂಕಿಗೆ ತಪಾಸಣೆಯವರು ಬಂದರು, ಎರಡನೆಯ ವರ್ಷ ಮನೆಗೆ ಬಣ್ಣ ಹೊಡೆಸಬೇಕಿತ್ತು, ಮೂರನೆಯ ವರ್ಷ ನನಗೆ ಮನಸ್ಸಿರಲಿಲ್ಲ. ಪ್ರತಿ ಸಲವೂ ಮುಂದಕ್ಕೆ ಹಾಕೋಣ ಎನ್ನುತ್ತಿದ್ದೆ. ಆಮೇಲೆ ಅವಳು ಕೇಳುವುದನ್ನೇ ಬಿಟ್ಟಳು. ಕೇಳುವುದನ್ನು ಬಿಟ್ಟಳೆಂದರೆ ಆಸೆಯನ್ನೂ ಬಿಟ್ಟಳು ಎಂದು ನಾನು ಅರ್ಥ ಮಾಡಿಕೊಂಡು ನಿಶ್ಚಿಂತೆಯಾಗಿದ್ದೆ. ಒಂದೇ ಒಂದು ಮುದ್ರೆ ಬೀಳದೆ ಎರಡು ಪಾಸ್‌ಪೋರ್ಟುಗಳ ಅವಧಿಯೂ ಮುಗಿದುಹೋಯಿತು.

ಈ ವರ್ಷ ಅಕ್ಕನ ಫೋನು ಬಂತು. ಬಲಗಣ್ಣು ಪೂರ್ತಿ ಹೋಗಿದೆ, ಎಡಗಣ್ಣಿಗೆ ಡಾಕ್ಟರು ಎರಡು ತಿಂಗಳು ಹೇಳಿದ್ದಾರೆ, ಕತ್ತಲಾಗುವ ಮುಂಚೆ ಒಂದು ಸಲ ನಿನ್ನ ಮುಖ ನೋಡಬೇಕು ಎಂದಳಂತೆ. ನನ್ನವಳು ಅಳಲಿಲ್ಲ. ಮರುದಿನ ತಾನು ಕೆಲಸ ಮಾಡುವ ಬೇಕರಿಗೆ ಹೋಗಿ ಇಪ್ಪತ್ತು ದಿನ ರಜೆ ಕೇಳಿ ಬಂದಳು, ಸಂಜೆ ಎರಡು ಟಿಕೆಟ್ ಗೊತ್ತು ಮಾಡಿ ನನಗೆ ಸುದ್ದಿ ತಿಳಿಸಿದಳು. ವೀಸಾ ಅಲ್ಲಿ ಇಳಿದ ಮೇಲೆ ಕೊಡುತ್ತಾರಂತೆ. ಬೇಕಾದದ್ದು ಹೊಸ ಪಾಸ್‌ಪೋರ್ಟ್ ಮಾತ್ರ. ಮುಂದಕ್ಕೆ ಹಾಕೋಣ ಎನ್ನಲು ನಾನು ಬಾಯಿ ತೆರೆದೆ. ಅವಳ ಮುಖ ನೋಡಿ ಆಕಳಿಸಿದ ಹಾಗೆ ಮಾಡಿ ಮುಚ್ಚಿಕೊಂಡೆ.

ಹೊಸ ಪಾಸ್‌ಪೋರ್ಟಿನ ನಿಯಮಗಳನ್ನು ಓದುವಾಗ ಒಂದು ಸಾಲನ್ನು ಎರಡೆರಡು ಸಲ ಓದಿದೆ. ಈಗ ಸಹಿಯನ್ನು ಅಧಿಕಾರಿಯ ಕಣ್ಣೆದುರು ಗಾಜಿನ ಹಲಗೆಯ ಮೇಲೆ ಹಾಕಬೇಕು, ಅದು ಹಳೆಯ ಸಹಿಗೆ ಹೊಂದದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ನನ್ನವಳು ಅದಕ್ಕೇನಂತೆ, ಹಳೆಯದು ನನ್ನದಲ್ಲ, ನಮ್ಮ ಯಜಮಾನರದು ಎಂದು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ ಎಂದಳು. ಬೇರೆಯವರ ಸಹಿ ಹಾಕುವುದಕ್ಕೆ ಕಾನೂನಿನಲ್ಲಿ ಏನೆನ್ನುತ್ತಾರೆ, ಏನು ಶಿಕ್ಷೆ ಕೊಡುತ್ತಾರೆ ಎಂದು ನಾನು ವಿವರಿಸಿದೆ. ವಿವರಿಸುತ್ತಾ ಹೋದಂತೆ ನನ್ನ ದನಿಯೇ ಸಣ್ಣಗಾಯಿತು. ಅವಳು ಎಲ್ಲ ಕೇಳಿಸಿಕೊಂಡು, "ನಿಮ್ಮನ್ನ ಒಳಗೆ ಹಾಕಿಸೋಕೆ ನಂಗೀಗ ಪುರುಸೊತ್ತಿಲ್ಲ. ಕಲಿಸಿ," ಎಂದಳು.

ಹೀಗೆ ನಮ್ಮ ಊಟದ ಮೇಜು ಶಾಲೆಯಾಯಿತು. ನನ್ನ ಹೆಂಡತಿಗೆ ಅವಳದೇ ಸಹಿಯನ್ನು ನಕಲು ಮಾಡುವುದು ಹೇಗೆಂದು ನಾನು ಕಲಿಸತೊಡಗಿದೆ. ಹಳೆಯ ಪಾಸ್‌ಪೋರ್ಟನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿಟ್ಟು, ಪೆನ್ನನ್ನು ಸಡಿಲ ಹಿಡಿ, ಮಣಿಕಟ್ಟು ಎತ್ತಬೇಡ, ಉಸಿರು ಬಿಗಿಹಿಡಿಯಬೇಡ ಎಂದು ಬೆನ್ನ ಹಿಂದೆ ನಿಂತು ಉಪದೇಶಿಸಿದೆ. ಮೂರು ದಿನ ಅವಳ ಸುರುಳಿಗಳು ಬಿಚ್ಚಿಕೊಂಡು ಓಡಿಹೋದವು. ನನಗೆ ರೇಗಿತು. ಇಷ್ಟು ಸಣ್ಣದು ಕೈಗೆ ಹತ್ತುವುದಿಲ್ಲವಲ್ಲ ನಿನಗೆ ಎಂದೆ.

ನಾಲ್ಕನೆಯ ದಿನ ಬೇಕರಿಯಿಂದ ಬರುವಾಗ ಅವಳು ಕೇಕಿನ ಮೇಲೆ ಬರೆಯುವ ಒಂದು ಕ್ರೀಮ್ ಕೋನು, ಒಂದು ಸುರುಳಿ ಬಟರ್ ಪೇಪರು ತಂದಳು. ಇಲ್ಲಿ ಒಂದು ಮಾತು ಹೇಳಬೇಕು. ಅವಳು ಆ ಬೇಕರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಕೇಕಿನ ಮೇಲೆ ಹೆಸರು ಬರೆಯುತ್ತಿದ್ದಾಳೆ. ಮದುವೆಯಾದವರ ಹೆಸರು, ಹುಟ್ಟಿದವರ ಹೆಸರು, ವರ್ಗವಾಗಿ ಹೋಗುವ ಸಾಹೇಬರ ಹೆಸರು. ಅದನ್ನು ಬರವಣಿಗೆ ಎಂದು ನಾನು ಯಾವತ್ತೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ, ಏಕೆಂದರೆ ಜನ ಅದನ್ನು ತಿಂದುಬಿಡುತ್ತಾರೆ. ಪೇಪರು ಹಾಸಿ, ಕೋನಿನ ತುದಿ ಕತ್ತರಿಸಿ, ಪಾಸ್‌ಪೋರ್ಟಿನ ಕಡೆ ಒಂದೇ ಸಲ ಕಣ್ಣು ಹಾಯಿಸಿ ಅವಳು ಎಳೆದಳು. ನಾಲ್ಕು ಸುರುಳಿ, ಗೆರೆ, ಎರಡು ಚುಕ್ಕಿ. ಬ್ಯಾಂಕಿನಲ್ಲಾಗಿದ್ದರೆ ನಾನು ಕಣ್ಣು ಮುಚ್ಚಿ ಪಾಸು ಮಾಡುತ್ತಿದ್ದೆ.

ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ, ಹೊಟ್ಟೆಕಿಚ್ಚಾಯಿತು. ಚುಕ್ಕಿ ದಪ್ಪವಾಯಿತು ಎಂದೆ. ಕ್ರೀಮ್ ಅಲ್ಲವೇ ಎಂದು ಅವಳು ಬೆರಳು ನೆಕ್ಕಿಕೊಂಡಳು. ಮರುದಿನಕ್ಕೆ ಅದೇ ಮಣಿಕಟ್ಟು ಪೆನ್ನಿಗೂ ಬಂತು. ವಾರ ಕಳೆಯುವಷ್ಟರಲ್ಲಿ ಫೋನಿನಲ್ಲಿ ಅಕ್ಕನ ಜೊತೆ ಮಾತಾಡುತ್ತಲೇ ಹಳೆಯ ಪತ್ರಿಕೆಯ ಅಂಚಿನ ತುಂಬ ನನ್ನ ಸುರುಳಿಗಳನ್ನು ಬಿಡಿಸುತ್ತಿದ್ದಳು. ಒಮ್ಮೆ ಮಾತ್ರ ಪೆನ್ನು ನಿಲ್ಲಿಸಿ ಕೇಳಿದಳು, ಈ ಸಹಿ ಹಾಕುವಾಗ ನನ್ನನ್ನು ಯಾರೆಂದುಕೊಂಡಿದ್ದಿರಿ ಎಂದು. ಚೌಕ ಚಿಕ್ಕದಿತ್ತು ಎಂದು ಹೇಳಿ ನಾನು ಪೇಪರಿನೊಳಗೆ ತಲೆ ಹುದುಗಿಸಿದೆ.

ನೀವೂ ಒಂದೆರಡು ಸಲ ಹಾಕಿ ನೋಡಿ ಎಂದು ಅವಳು ಹೇಳದೆ ಇರಲಿಲ್ಲ. ನಾನು ನಕ್ಕುಬಿಟ್ಟೆ. ನನ್ನ ಸಹಿಯನ್ನು ನಾನು ಅಭ್ಯಾಸ ಮಾಡುವುದೇ? ಒಂದು ವರ್ಷದಿಂದ ನನ್ನ ಬಲಗೈ ಸ್ವಲ್ಪ ಅದುರುತ್ತದೆ ಎಂದು ಕೆಲವರು ಹೇಳುತ್ತಾರೆ. ಲೋಟ ಬಿಸಿಯಿದೆ ಎಂದು ನಾನು ಹೇಳುತ್ತೇನೆ. ನನ್ನವಳು ಏನೂ ಹೇಳದೆ ಚಹಾವನ್ನು ಅರ್ಧ ಲೋಟ ಮಾತ್ರ ಸುರಿದು ಕೊಡಲು ಶುರು ಮಾಡಿದ್ದಳು. ಉಳಿದರ್ಧ ಆಮೇಲೆ ಬರುತ್ತಿತ್ತು.

ಪಾಸ್‌ಪೋರ್ಟ್ ಕಚೇರಿಯಲ್ಲಿ ಸಾಲುಸಾಲು ಸ್ಟೀಲ್ ಕುರ್ಚಿ, ಗೋಡೆಯ ಮೇಲೆ ಟೋಕನ್ ನಂಬರು. ನಮ್ಮ ಮುಂದಿದ್ದ ಒಂದು ಕೂಸನ್ನು ಫೋಟೋದಲ್ಲಿ ನಕ್ಕಿದೆ ಎಂಬ ಕಾರಣಕ್ಕೆ ಎರಡನೆಯ ಸಲ ಫೋಟೋ ತೆಗೆಸಲು ಕಳಿಸಿದರು. ಇಂಥ ಜಾಗ ಕಂಡರೆ ನನಗೆ ತವರಿಗೆ ಬಂದ ಹಾಗಾಗುತ್ತದೆ. ಏಳನೆಯ ಕೌಂಟರಿನಲ್ಲಿ ಕನ್ನಡಕದ ಹುಡುಗಿಯೊಬ್ಬಳು ಕೂತಿದ್ದಳು. ಮೊದಲು ನನ್ನವಳ ಸರದಿ. ದಾರ ಕಟ್ಟಿದ ಪ್ಲಾಸ್ಟಿಕ್ ಕಡ್ಡಿಯನ್ನು ಅವಳು ಕೋನು ಹಿಡಿದ ಹಾಗೆ ಹಿಡಿದು, ಗಾಜಿನ ಮೇಲೆ ಸುಮ್ಮನೆ ಜಾರಿಸಿದಳು. ಹುಡುಗಿ ಪರದೆ ನೋಡಿ ತಲೆದೂಗಿದಳು. ಚೆನ್ನಾಗಿ ಹೊಂದಿದೆ ಅಮ್ಮ, ಹತ್ತು ವರ್ಷವಾದರೂ ನಿಮ್ಮ ಸಹಿ ಒಂಚೂರೂ ಬದಲಾಗಿಲ್ಲ, ಎಲ್ಲರೂ ನಿಮ್ಮ ಹಾಗಿದ್ದರೆ ನಮ್ಮ ಕೆಲಸ ಎಷ್ಟು ಸುಲಭ ಎಂದಳು.

ನನ್ನ ಸರದಿ ಬಂತು. ನಾನು ಅಂಗಿಯ ತೋಳು ಮಡಿಸಿಕೊಂಡು ಕಡ್ಡಿ ತೆಗೆದುಕೊಂಡೆ. ಗಾಜು, ಕಾಗದದ ಹಾಗೆ ಪೆನ್ನನ್ನು ಹಿಡಿದುಕೊಳ್ಳುವುದಿಲ್ಲ. ನನ್ನ ಹೆಸರಿನ ಮೊದಲ ಅಕ್ಷರವೇ ಬಳುಕಿ, ಎರಡನೆಯದು ಅದರ ಮೇಲೆ ಬಿದ್ದು, ಕೊನೆಯ ಗೆರೆ ಗರಗಸವಾಯಿತು. ಹುಡುಗಿ ಇನ್ನೊಮ್ಮೆ ಎಂದಳು. ಇನ್ನೊಮ್ಮೆ ಹಾಕಿದೆ. ಮೂರನೆಯ ಸಲ ಎಡಗೈಯಿಂದ ಬಲಗೈಯನ್ನು ಒತ್ತಿ ಹಿಡಿದುಕೊಂಡೆ, ಎರಡೂ ಅದುರಿದವು.

"ಸರ್, ಇದು ನಿಮ್ಮ ಸಹಿನೇನಾ?"

ಆ ದನಿ ನನಗೆ ಗೊತ್ತಿತ್ತು. ಅದು ನನ್ನದೇ ದನಿ. ಬ್ಯಾಂಕಿಗೆ ಒಬ್ಬ ವಯಸ್ಸಾದ ಡ್ರಾಯಿಂಗ್ ಮೇಷ್ಟ್ರು ಬರುತ್ತಿದ್ದರು. ಅವರನ್ನು ಮೂರು ಸಲ ಇದೇ ಪ್ರಶ್ನೆ ಕೇಳಿ ಮೂರು ಸಲ ವಾಪಸ್ಸು ಕಳಿಸಿದ್ದೆ. ಇವತ್ತಿನ ಮಟ್ಟಿಗೆ ನಂದೇ ಸ್ವಾಮಿ ಎಂದಿದ್ದರು ಅವರು. ಆಗ ಅದು ನಿಯಮ ಗೊತ್ತಿಲ್ಲದವರ ಮಾತು ಎನಿಸಿತ್ತು.

ಹುಡುಗಿ ಕೆಟ್ಟವಳಲ್ಲ. ಡಾಕ್ಟರ ಪತ್ರ, ಸಹಿ ಬದಲಾಗಿದೆ ಎಂಬ ಪ್ರಮಾಣಪತ್ರ ತಂದು ಹೊಸದಾಗಿ ಸಮಯ ತೆಗೆದುಕೊಂಡರೆ ಒಂದೂವರೆ ತಿಂಗಳಿನಲ್ಲಿ ಆಗುತ್ತದೆ ಸರ್ ಎಂದು ಮೆಲ್ಲಗೆ ಹೇಳಿದಳು. ನಮ್ಮ ಟಿಕೆಟ್ಟಿಗೆ ಉಳಿದಿದ್ದದ್ದು ಇಪ್ಪತ್ತನಾಲ್ಕು ದಿನ. ಸುಳ್ಳು ಸಹಿ ಹೊಂದಿತು, ನಿಜವಾದದ್ದು ಕೈಕೊಟ್ಟಿತು.

ಹೊರಗಿನ ಹಜಾರದ ಬೆಂಚಿನಲ್ಲಿ ಕೂತು ನಾನು, ಒಂದು ತಿಂಗಳು ಮುಂದಕ್ಕೆ ಹಾಕೋಣ, ಇಬ್ಬರೂ ಒಟ್ಟಿಗೆ ಹೋಗೋಣ, ನಿನ್ನೊಬ್ಬಳಿಗೆ ಅಲ್ಲಿ ಫಾರ್ಮು ಗೀರ್ಮು ತುಂಬಲು ಬರುವುದಿಲ್ಲ ಎಂದೆ. ಅವಳು ರಸೀದಿಯನ್ನು ನಾಲ್ಕಾಗಿ ಮಡಚಿ ಪರ್ಸಿನೊಳಗೆ ಇಡುತ್ತಿದ್ದಳು.

"ಅಕ್ಕನ ಕಣ್ಣನ್ನ ಮುಂದಕ್ಕೆ ಹಾಕೋಕಾಗಲ್ಲ," ಎಂದಳು. "ನಾನು ಹೋಗ್ತೀನಿ."

ಈಗ ನಾಚಿಕೆಯ ಮಾತೊಂದನ್ನು ಹೇಳಿಬಿಡುತ್ತೇನೆ. ನಾನು ಬೆಂಚಿನಿಂದ ಎದ್ದು ನಿಂತೆ. ಕೌಂಟರಿಗೂ ನನಗೂ ನಡುವೆ ಇಪ್ಪತ್ತು ಹೆಜ್ಜೆ. ಅವಳ ಸಹಿ ಅವಳದಲ್ಲ, ನನ್ನದು ಎಂದು ಆ ಕನ್ನಡಕದ ಹುಡುಗಿಗೆ ಹೇಳಿದ್ದರೆ ಸಾಕಿತ್ತು, ಇಬ್ಬರೂ ಇಲ್ಲೇ ಉಳಿಯುತ್ತಿದ್ದೆವು. ನನಗೆ ಶಿಕ್ಷೆಯಾಗುತ್ತದೆ ಎಂಬುದು ಕೂಡ ಆ ಕ್ಷಣದಲ್ಲಿ ದೊಡ್ಡದಾಗಿ ಕಾಣಲಿಲ್ಲ. ನನ್ನನ್ನು ಬಿಟ್ಟು ಹೋಗುತ್ತಾಳೆ ಎಂಬುದೊಂದೇ ಕಂಡಿತು. ಪ್ರೀತಿಯಿಂದ ಎದ್ದೆ ಎಂದು ಹೇಳಿಕೊಳ್ಳಲು ಆಸೆಯಾಗುತ್ತದೆ. ಹಠದಿಂದ ಎದ್ದೆ.

"ಹೋಗಿ ಹೇಳ್ತೀರಾ?" ಎಂದಳು ಅವಳು. ತಲೆ ಎತ್ತಿರಲಿಲ್ಲ.

"ಏನನ್ನ?"

"ಸಹಿ ನಂದಲ್ಲ ಅಂತ."

ಇಲ್ಲ, ನೀರು ತರೋಣ ಅಂತ ಎದ್ದೆ ಎಂದೆ. ಹಾಗೆ ಹೇಳಿದ ಮೇಲೆ ತರಲೇಬೇಕಾಯಿತು. ಮೂಲೆಯ ನಲ್ಲಿಯಿಂದ ಪೇಪರ್ ಲೋಟ ತುಂಬಿಸಿಕೊಂಡು ಬರುವಷ್ಟರಲ್ಲಿ ಅರ್ಧ ನನ್ನ ಅಂಗಿಯ ಮೇಲಿತ್ತು. ಅವಳು ಉಳಿದದ್ದನ್ನು ಕುಡಿದು, ಸೆರಗಿನಿಂದ ನನ್ನ ಕೈ ಒರೆಸಿದಳು. ಡಾಕ್ಟರ ಹತ್ತಿರ ಹೋಗಿ ಎಂದು ಮೊದಲ ಸಲ ಬಾಯಿಬಿಟ್ಟು ಹೇಳಿದಳು.

ಅವಳೊಬ್ಬಳೇ ಹೋದಳು. ಫಾರ್ಮು ಗೀರ್ಮು ಎಲ್ಲ ತಾನೇ ತುಂಬಿದಳಂತೆ, ವಿಮಾನದಲ್ಲಿ ಪಕ್ಕದ ಸೀಟಿನ ಇಬ್ಬರು ಇವಳ ಪೆನ್ನು ಕೇಳಿ ಪಡೆದರಂತೆ. ತಲುಪಿದ ಮರುದಿನ ಬೆಳಿಗ್ಗೆ ನಾನು ಡಾಕ್ಟರ ಪತ್ರವನ್ನು ಎದುರಿಗಿಟ್ಟುಕೊಂಡು ಕೂತಿದ್ದಾಗ ಫೋನು ಮಾಡಿದಳು. ಅಕ್ಕ ಬಾಗಿಲಿಗೆ ಬಂದು ಕೈ ಹಿಡಿದು ನೇರ ಕಿಟಕಿಯ ಹತ್ತಿರ ಕರೆದುಕೊಂಡು ಹೋದಳಂತೆ. ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ, ಎಡಗಣ್ಣಿನ ಮೂಲೆಯಿಂದ ಬಹಳ ಹೊತ್ತು ನೋಡಿದಳಂತೆ. ಸದ್ಯ ಕಾಣಿಸಿತಲ್ಲ ಎಂದೆ. ಕಾಣಿಸಿತು, ಚೆನ್ನಾಗಿಯೇ ಕಾಣಿಸಿತು ಎಂದಳು.

ಅಕ್ಕ ಏನಂದಳು ಎಂದು ಕೇಳಿದೆ.

"ನಿನ್ನ ಕೂದಲು ಯಾವಾಗ ಬೆಳ್ಳಗಾಯ್ತೇ ಅಂದ್ಲು. ಏನು ಹೇಳ್ಬೇಕೋ ಗೊತ್ತಾಗ್ಲಿಲ್ಲ. ಯಾವಾಗಿಂದ ರೀ?"

ನಾನು ನೆನಪು ಮಾಡಿಕೊಳ್ಳಲು ನೋಡಿದೆ. ದಿನಾ ಅದೇ ಮೇಜಿನ ಆಚೆಗೆ, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ ಅವಳು ಕೂರುತ್ತಿದ್ದಳು. ಅವಳ ಕಪ್ಪು ಕೂದಲು ನೆನಪಿತ್ತು, ಈಗಿನ ಬಿಳಿಯೂ ಗೊತ್ತಿತ್ತು. ನಡುವಿನದು ಏನೂ ಸಿಗಲಿಲ್ಲ. ಅವಳು ಆ ಕಡೆ ಕಾಯುತ್ತಿದ್ದಳು.

"ನಾನು ನೋಡಿರ್ಲಿಲ್ಲ ಕಣೇ," ಎಂದೆ.