ಹಳದಿಯಲ್ಲೇ ನಿಂತ ಆರತಿ

ಹೊಸಿಲಿನಾಚೆ ಬರಿಗಾಲಲ್ಲಿ ನಿಂತು ಕಾಲು ಗಂಟೆ ಕಳೆದಿತ್ತು. ಅಂಗಳದ ಚಪ್ಪಡಿ ಕಲ್ಲು ಮಧ್ಯಾಹ್ನದ ಬಿಸಿಲಿಗೆ ಕಾವಲಿಯಂತೆ ಕಾದಿತ್ತು. ರಮ್ಯಾ ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸುತ್ತ, ತಗ್ಗಿಸಿದ ತಲೆ ಎತ್ತದೆ, ತನ್ನೆದುರು ನಡೆಯುತ್ತಿದ್ದ ದಡ್ಡತನವನ್ನು ಕಣ್ಣಂಚಿನಲ್ಲೇ ನೋಡುತ್ತಿದ್ದಳು.

ಬೆಳಿಗ್ಗೆ ಕೈಲಾಂಚದ ಛತ್ರದಲ್ಲಿ ಕೊರಳಿಗೆ ತಾಳಿ ಬಿದ್ದಿತ್ತು. ಅಲ್ಲಿಂದ ಟೆಂಪೊದಲ್ಲಿ ಮರಳವಾಡಿ ಕಡೆಯ ಈ ಗಂಡನ ಊರಿಗೆ ಬಂದು ಇಳಿದದ್ದೂ ಆಗಿತ್ತು. ಇನ್ನು ಅರಿಶಿನದ ನೀರಿಗೆ ಒಸಿ ಸುಣ್ಣ ಕದಡಿ, ಅದು ರಕ್ತದಂತೆ ಕೆಂಪಾದ ಮೇಲೆ ಆರತಿ ಎತ್ತಿ ದೃಷ್ಟಿ ತೆಗೆಯಬೇಕು. ಆಮೇಲೆ ಸೊಸೆ ಬಲಗಾಲಲ್ಲಿ ಅಕ್ಕಿಯ ಸೇರು ಒದ್ದು ಒಳಗೆ ಬರಬೇಕು. ಕೆಂಪಾಗದ ಆರತಿಯ ಕೆಳಗೆ ಹೊಸ ಹೆಣ್ಣು ಹೊಸಿಲು ದಾಟುವಂತಿಲ್ಲ. ದಾಟಿದರೆ ಮನೆಯಲ್ಲಿ ಮುಂದೆ ಯಾವ ಮಗು ಕೆಮ್ಮಿದರೂ, ಯಾವ ಹಸು ಹಾಲು ಬತ್ತಿಸಿದರೂ ಅದು ಅವಳ ತಲೆಗೇ ಬರುತ್ತದೆ, ಬದುಕಿರುವವರೆಗೂ.

ಇವತ್ತು ನೀರು ಕೆಂಪಾಗಲೊಲ್ಲದು.

ಅತ್ತೆ ಸರಸಮ್ಮ ತಟ್ಟೆ ಹಿಡಿದಿದ್ದಳು. ಮಾವನ ತಂಗಿ ಲತಾಮಣಿ ಎರಡು ಬೆರಳಲ್ಲಿ ಸುಣ್ಣ ಚಿವುಟಿ ಹಾಕಿದಳು. ಸುಣ್ಣ ಬಿದ್ದ ಜಾಗದಲ್ಲಿ ದಾಸವಾಳದ ಮೊಗ್ಗಿನಷ್ಟು ಕೆಂಪು ಎದ್ದಿತು. ಬೆರಳಾಡಿಸಿದ್ದೇ ತಡ, ಆ ಕೆಂಪು ಕರಗಿ ಮತ್ತೆ ಹಳದಿಯಾಯಿತು.

"ನೋಡ್ರವ್ವ, ನೋಡ್ರವ್ವ! ಎಂಗ್ ಬತ್ತು ಅಂಗೇ ಹೋಯ್ತು!" ಲತಾಮಣಿ ಎದೆ ಮುಟ್ಟಿಕೊಂಡಳು. "ನನ್ ಕೈಲಿ ಎಷ್ಟು ಮದ್ವೆ ಆರತಿ ಆಗಿಲ್ಲ! ಇಂಗ್ ಯಾವತ್ತೂ ಕಂಡಿಲ್ಲ ಕನಾ."

"ಸುಣ್ಣ ಹಳೇದಿರ್ಬೌದು ಕಣವ್ವ," ಎಂದಳು ಸರಸಮ್ಮ.

ರಮ್ಯಾಳ ಅಣ್ಣ ಕೆಂಪರಾಜು ಬೀಡ ಅಂಗಡಿಗೆ ಓಡಿ ಹೊಸ ಸುಣ್ಣ ತಂದ. ಅದೂ ಹಾಗೆಯೇ ಕೆಂಪಾಗಿ ಕರಗಿತು. ಅರಿಶಿನವೇ ಕಲಬೆರಕೆ ಎಂದು ಯಾರೋ ಅಂದರು. ರಮ್ಯಾಳ ಮಡಿಲಕ್ಕಿಯ ಅರಿಶಿನದ ಕೊಂಬನ್ನೇ ತೇಯ್ದು, ತಟ್ಟೆ ತೊಳೆದು, ಹೊಸದಾಗಿ ಕದಡಿದರು. ಬಣ್ಣ ಇನ್ನೂ ಚೆನ್ನಾದ ಹಳದಿಯಾಯಿತು, ಅಷ್ಟೆ.

ಸುಣ್ಣ ಬದಲಾಯಿಸಿದ್ದಾಯಿತು, ಅರಿಶಿನ ಬದಲಾಯಿಸಿದ್ದಾಯಿತು. ಇನ್ನು ಬದಲಾಯಿಸಲು ಉಳಿದದ್ದು ಎರಡೇ: ನೀರು ಮತ್ತು ಸೊಸೆ. ನೀರಿನ ನೆನಪು ಯಾರಿಗೂ ಆಗಲಿಲ್ಲ.

"ಹೆಣ್ಣಿನ ಕಾಲ್ಗುಣ ನೋಡ್ಕೊಂಡ್ ತಂದ್ರಾ, ಬಣ್ಣ ನೋಡ್ಕೊಂಡ್ ತಂದ್ರಾ?" ಎಂದಳು ಲತಾಮಣಿ, ಸೊಸೆಗೆ ಕೇಳಲಿ ಎಂದೇ.

ರಮ್ಯಾ ಗಂಡನ ಕಡೆ ಕಣ್ಣು ಹೊರಳಿಸಿದಳು. ಮನೋಹರ ಬಾಸಿಂಗದ ದಾರ ಹಣೆಗೆ ಒತ್ತಿದ ಜಾಗವನ್ನು ಕೆರೆದುಕೊಳ್ಳುತ್ತ, ಬಸ್ಸು ತಪ್ಪಿಸಿಕೊಂಡವನಂತೆ ನಿಂತಿದ್ದ. ಬಿ.ಎ. ಎರಡನೇ ವರ್ಷದ ತನಕ ಓದಿದ್ದಾನೆ ಎಂದಿದ್ದರು. ಓದಿ ಎಲ್ಲಿ ಇಟ್ಟನೋ!

ಅವಳಿಗೆ ಹೈಸ್ಕೂಲಿನ ಮುನಿರಾಮಯ್ಯ ಮೇಷ್ಟ್ರು ನೆನಪಾದರು. ಕೋಟಿನ ತೋಳಿಗೆಲ್ಲ ಸೀಮೆಸುಣ್ಣ ಮೆತ್ತಿಕೊಂಡ ಸಣಕಲು ಮನುಷ್ಯ. ಪ್ರಯೋಗಶಾಲೆ ಎಂಬ ಬೀರುವಿನಲ್ಲಿ ಲಿಟ್ಮಸ್ ಕಾಗದ ಮುಗಿದು ವರ್ಷಗಳಾಗಿದ್ದವು. ಅವರು ಹಳೆಯ ಲಗ್ನಪತ್ರಿಕೆಗಳ ಹಿಂಬದಿಗೆ ಅರಿಶಿನ ಬಳಿದು ಒಣಗಿಸಿ, ಪಟ್ಟಿ ಕತ್ತರಿಸಿ ಹಂಚುತ್ತಿದ್ದರು. ಸೋಪಿನ ನೀರಿಗೆ ಅದ್ದಿದರೆ ಕೆಂಪು: ಅದು ಪ್ರತ್ಯಾಮ್ಲ. ಆ ಕೆಂಪಿನ ಮೇಲೆ ನಿಂಬೆರಸ ಹಿಂಡಿದರೆ ಮತ್ತೆ ಹಳದಿ: ಆಮ್ಲ ಬಂದು ಪ್ರತ್ಯಾಮ್ಲವನ್ನು ತಿಂದುಹಾಕಿತು, ಎರಡೂ ಸೇರಿ ಉಪ್ಪೂ ನೀರೂ ಆಯಿತು. "ಒಂದ್ಸಲಕ್ಕೆ ಒಂದನ್ನೇ ಬದಲಾಯಿಸ್ರಮ್ಮ, ಎಲ್ಲಾನೂ ಕಲಸಿ ಆಮೇಲೆ ದೇವರ ಮೇಲೆ ಹಾಕಬೇಡಿ," ಎನ್ನುತ್ತಿದ್ದರು. ಗ್ಯಾಸು, ಬರ್ನರು ಏನೂ ಇಲ್ಲದ ಆ ಅಡುಗೆಮನೆ ರಸಾಯನಶಾಸ್ತ್ರವನ್ನು ಹುಡುಗಿಯರು ಹಿಂದಿನ ಬೆಂಚಿನಲ್ಲಿ ಕೂತು ಆಡಿಕೊಂಡು ನಗುತ್ತಿದ್ದರು. ರಮ್ಯಾ ಎಲ್ಲರಿಗಿಂತ ಜೋರಾಗಿ ನಕ್ಕವಳು. ಇಲ್ಲಿ, ಈ ಕಾದ ಕಲ್ಲಿನ ಮೇಲೆ, ಆ ನಗುವಿಗೆ ನಾಚಿಕೆಯಾಯಿತು. ಅವರಿಗಿಂತ ಬುದ್ಧಿವಂತರನ್ನು ಅವಳು ಆಮೇಲೆ ಕಂಡೇ ಇರಲಿಲ್ಲ.

ನೀರಿನಲ್ಲಿ ಹುಳಿ ಇದೆ. ಹುಳಿ ಎಂದರೆ ಹುಣಸೆಯ ಹುಳಿಯಲ್ಲ, ಮೇಷ್ಟ್ರು ಹೇಳಿದ ಆಮ್ಲ.

ಹಾಗೆ ಅಂದುಕೊಂಡದ್ದೇ ಉಳಿದದ್ದೆಲ್ಲ ತಾನಾಗಿ ಕೂಡಿಕೊಂಡಿತು. ಆರತಿಗೆ ನೀರು ಮೊಗೆದಿದ್ದ ಅಂಗಳದ ಸಿಮೆಂಟ್ ತೊಟ್ಟಿಯ ಪಕ್ಕ ಬೋರಲು ಹಾಕಿದ್ದ ಹಿತ್ತಾಳೆ ಕೊಳಗಗಳು ಕಣ್ಣು ಕುಕ್ಕುವಂತೆ ಹೊಳೆಯುತ್ತಿದ್ದವು. ಹೆಣ್ಣು ನೋಡಲು ಬಂದಾಗ ಲತಾಮಣಿ ಜಂಬ ಕೊಚ್ಚಿದ್ದಳು: "ನಮ್ಮಣ್ಣನ ಬೋರ್ ನೀರಿಗೆ ಉಣಸೇಹಣ್ಣೇ ಬ್ಯಾಡ ಕಣವ್ವ, ಅದ್ದಿದ್ರೆ ಸಾಕು, ಪಾತ್ರೆ ಚಿನ್ನ!" ಕುಡಿಯಲು ಮಾತ್ರ ಪಂಚಾಯ್ತಿ ನಲ್ಲಿಯ ನೀರು, ಬೋರಿನದು ಒಸಿ ಒಗರು ಅಂತೆ. ಒಂದು ಮನೆಯ ನೀರು ತಾನಾಗಿ ಹಿತ್ತಾಳೆ ಬೆಳಗುತ್ತದೆ ಎಂದರೆ ಹೆದರಬೇಕು. ಇವರು ಹೆಮ್ಮೆಪಟ್ಟುಕೊಂಡು ಕೂತಿದ್ದರು.

ಟೆಂಪೊ ಊರೊಳಗೆ ತಿರುಗುವಾಗ ಇನ್ನೊಂದು ಕಂಡಿತ್ತು. ಮಾವನ ಹಿಪ್ಪುನೇರಳೆ ತೋಟದ ಮೂಲೆಯ ಪಾಳುಬಾವಿಗೆ ಒಂದು ಟ್ಯಾಂಕರ್ ಹಿಂಬದಿ ಒಡ್ಡಿಕೊಂಡು ನಿಂತಿತ್ತು. "ಬಾವಿಗೆ ನೀರು ತುಂಬುಸ್ತಾರಾ?" ಎಂದು ಅವಳು ಕೇಳಿದ್ದಳು. "ಊಂ," ಎಂದಿದ್ದ ಮನೋಹರ. ಹಾರೋಹಳ್ಳಿ ಕಡೆ ವರ್ಷಕ್ಕೆ ನಾಲ್ಕು ಕಾರ್ಖಾನೆ ಏಳುತ್ತಿದ್ದ ಕಾಲ. ತುಕ್ಕು ಹಿಡಿದ ತಗಡನ್ನು ಆಸಿಡ್‌ನಲ್ಲಿ ಅದ್ದಿ ತೊಳೆಯುವ ಒಂದು ಶೆಡ್ಡೂ ಅವುಗಳಲ್ಲಿತ್ತು. ಕಾರ್ಖಾನೆಯವರು ಈ ಊರಿಗೆ ನೀರು ತಂದು ಸುರಿಯುವಷ್ಟು ಧರ್ಮಾತ್ಮರು ಎಂದು ನಂಬಲು ಆ 'ಊಂ' ಎಂದವನಂಥ ತಲೆಯೇ ಬೇಕು.

ಅವಳು ಬಾಯಿ ತೆರೆಯಬೇಕು ಎನ್ನುವಷ್ಟರಲ್ಲಿ ಒಳಗಿಂದ ಮಾವ ಚೆಲುವಯ್ಯ ಬಂದ. ಹೆಗಲ ಮೇಲೆ ಮಡಿಸಿದ ಜರಿಯ ಟವಲು, ಜೇಬಿನಲ್ಲಿ ದಪ್ಪ ಮೊಬೈಲು.

"ಏನಮ್ಮಿ ಅದು ರಾದ್ಧಾಂತ? ಟೆಂಪೊದೋನು ಕಾಯ್ತಾವ್ನೆ."

"ಆರತಿ ಕೆಂಪಾಯ್ತಿಲ್ಲ ಕಣಣ್ಣ. ಕಾಲ್ಗುಣ..."

ಚೆಲುವಯ್ಯ ತಟ್ಟೆಗೆ ಬಗ್ಗಿದ. ಅವನ ಮುಖದಲ್ಲಿ ಅಚ್ಚರಿಯಾಗಲಿ ಹೆದರಿಕೆಯಾಗಲಿ ಕಾಣಲಿಲ್ಲ ಎಂಬುದನ್ನು ರಮ್ಯಾ ಗಮನಿಸಿದಳು.

"ಥೂ ನಿಮ್ಮ! ಚಿಟಿಕೆ ಸುಣ್ಣದಾಗೆ ಏನಾಯ್ತದೆ?" ಎಂದವನು ಬೀಡ ಅಂಗಡಿಯ ಡಬ್ಬಿಗೆ ಕೈ ಹಾಕಿ, ಮುಷ್ಟಿ ತುಂಬ ಸುಣ್ಣ ಬಾಚಿ ತಟ್ಟೆಗೆ ಸುರಿದು ಗೊಟಾಯಿಸಿದ. "ಹುಳಿ ಸಾಯ್ಬೇಕಲ್ವಾ ಮೊದ್ಲು!"

ತಟ್ಟೆ ಕುಂಕುಮದ ಬಾವಿಯಾಯಿತು. ಹೆಂಗಸರೆಲ್ಲ ಒಟ್ಟಿಗೆ ಉಸಿರು ಬಿಟ್ಟರು. ಲತಾಮಣಿಯಂತೂ ಕಣ್ಣೊರೆಸಿಕೊಂಡೇಬಿಟ್ಟಳು: "ನಮ್ಮಣ್ಣನ ಕೈಗುಣ ನೋಡ್ರವ್ವ! ಬಾ ಮಗ, ಬಲಗಾಲಿಡು."

ಎಲ್ಲವೂ ಸರಿಹೋಗಿತ್ತು. ಈಗ ಕಾಲೆತ್ತಿದರೆ ಸಾಕು, ಆಡಿಕೊಂಡವರೇ ನಾಳೆ ಅವಳಿಗೆ ಹೂ ಮುಡಿಸುತ್ತಾರೆ. ಆದರೆ ಹುಳಿ ಸಾಯಬೇಕು ಎಂದ ಮಾವನ ಮಾತು ಅವಳ ಕಿವಿಯಲ್ಲಿ ನಿಂತುಬಿಟ್ಟಿತು. ಇಷ್ಟು ಜನ ದಡ್ಡರ ನಡುವೆ ಒಬ್ಬನಿಗೆ ಮಾತ್ರ ಪಾಠ ಗೊತ್ತಿತ್ತು. ದಡ್ಡರನ್ನಾದರೂ ಸಹಿಸಬಹುದು. ಗೊತ್ತಿದ್ದೂ ಸೊಸೆಯ ಕಾಲ್ಗುಣದ ಮಾತು ಕೇಳಿಸಿಕೊಂಡು ಟೆಂಪೊದವನ ಚಿಂತೆ ಮಾಡುವವನನ್ನು ಏನೆಂದು ಕರೆಯುವುದು?

"ಮಾವ," ಎಂದಳು ರಮ್ಯಾ, ತಲೆ ಎತ್ತಿ. "ನೀರಾಗೆ ಹುಳಿ ಐತೆ ಅಂತ ನಿಮಗ್ಯಾರು ಹೇಳಿದ್ರು?"

ಹೆಂಗಸರ ತಲೆಗಳೆಲ್ಲ ಸೊಸೆಯ ಕಡೆ ತಿರುಗಿದವು.

"ಹೊಸ ಹೆಣ್ಣು ಮಾತಾಡಬಾರ್ದು ಕಣಮ್ಮಿ," ಲತಾಮಣಿ ಪಿಸುಗುಟ್ಟಿದಳು.

"ಕಾಲ್ಗುಣ ನಂದಾದ್ರೆ ಮಾತೂ ನಂದೇ ಚಿಕ್ಕತ್ತೆ. ಅಣ್ಣಾ, ಪಂಚಾಯ್ತಿ ನಲ್ಲಿ ನೀರು ಒಂದು ಚೊಂಬು ತತ್ತಾ. ಅದೇ ಅರಿಶಿನ, ಅದೇ ಸುಣ್ಣ, ಒಂದೇ ಚಿಟಿಕೆ. ನೀರು ಮಾತ್ರ ಬೇರೆ."

ಚೆಲುವಯ್ಯ ನಕ್ಕ. "ಏನ್ಲಾ ಕೆಂಪರಾಜು, ನಿನ್ ತಂಗಿ ಸ್ಕೂಲ್ ಮಡಗ್ತಾಳೇನ್ಲಾ ಇಲ್ಲಿ? ನೀರಲ್ಲಿ ಎಂತಾ ಬೇರೆ? ಎಲ್ಲಾ ಗಂಗಮ್ಮನೇ."

ಆದರೆ ಕೆಂಪರಾಜು ಆಗಲೇ ನೀರು ತಂದಿದ್ದ. ಅವನೂ ಕಾಲು ಗಂಟೆಯಿಂದ ತಂಗಿಯ ಕಾಲ್ಗುಣದ ಮಾತು ಕೇಳಿ ಹಲ್ಲು ಕಚ್ಚಿಕೊಂಡಿದ್ದವನು. ಸರಸಮ್ಮ ಇನ್ನೊಂದು ತಟ್ಟೆಯಲ್ಲಿ ಕದಡಿದಳು. ಚಿಟಿಕೆ ಸುಣ್ಣ ಬಿತ್ತು. ಬೆರಳು ತಾಕುವ ಮುಂಚೆಯೇ ತಟ್ಟೆಯ ಅಂಚಿನ ತನಕ ಕೆಂಪು ಹರಡಿತು, ಹರಡಿ ನಿಂತಿತು.

"ಹೆಣ್ಣಿನ ಬಾಯಿಗುಣ!" ಎಂದಳು ಲತಾಮಣಿ ಬೆರಗಾಗಿ. ರಮ್ಯಾಳಿಗೆ ಅವಳ ಮೇಲೆ ಕೋಪವೂ ಬರಲಿಲ್ಲ. ಕೋಪಕ್ಕೂ ಒಂದು ಯೋಗ್ಯತೆ ಬೇಕು.

ಆದರೆ ಬೇಲಿಯ ಬಳಿ ನಿಂತಿದ್ದ ಬೀರಮ್ಮನಿಗೆ ಅರ್ಥವಾಯಿತು. ಪಕ್ಕದ ಹಟ್ಟಿಯಲ್ಲಿ ಕುರಿ ಸಾಕುವ ಮುದುಕಿ, ಊಟಕ್ಕೆ ಕರೆಯುವ ತನಕ ಅಂಗಳಕ್ಕೆ ಕಾಲಿಡದೆ ಕಾಯುತ್ತಿದ್ದವಳು. ಕಾರ್ತೀಕದಲ್ಲಿ ಅವಳ ಮೂರು ಕುರಿ ಚೆಲುವಯ್ಯನ ತೋಟಕ್ಕೆ ಬೋರ್ ನೀರು ಹರಿಯುವ ಕಾಲುವೆಯ ಪಕ್ಕ ಬಾಯಲ್ಲಿ ನೊರೆ ಕಾರಿ ಸತ್ತಿದ್ದವು. ಕಾಡುಸೊಪ್ಪು ತಿಂದವೆ ಎಂದು ಚೆಲುವಯ್ಯನೇ ತೀರ್ಪು ಹೇಳಿದ್ದ.

"ಚೆಲುವಣ್ಣ," ಎಂದಳು ಬೀರಮ್ಮ, ಬೇಲಿ ಹಿಡಿದುಕೊಂಡೇ. "ನನ್ ಕುರಿ ಕುಡ್ದಿದ್ದು ಆ ಕೆಂಪಾಗ್ದಿದ್ ನೀರಾ, ಈ ನೀರಾ?"

"ಮದ್ವೆ ಮನೇಲಿ ಸತ್ತ ಕುರಿ ಮಾತಾ! ಸುಣ್ಣದ ಮೂಟೆ ಕೊಟ್ಟವ್ರೆ ಕಾರ್ಖಾನೆಯೋರು, ಬಾವಿಗೆ ಸುರ್ದ್ರೆ ಏನೂ ಆಗಲ್ಲ ಅಂದವ್ರೆ..." ಎಂದು ಶುರುಮಾಡಿದ ಚೆಲುವಯ್ಯ, ತಾನು ಏನು ಹೇಳಿದೆ ಎಂಬುದು ತನ್ನ ಕಿವಿಗೇ ಬಿದ್ದು ನಿಂತುಬಿಟ್ಟ.

"ಸುರುದ್ರಾ?" ಎಂದಳು ರಮ್ಯಾ.

ಸುರಿದಿರಲಿಲ್ಲ. ದನದ ಕೊಟ್ಟಿಗೆಯ ಗೋಡೆಯಿಂದ ಹಿಡಿದು ಈ ಮದುವೆ ಮನೆಯ ಜಗಲಿಯವರೆಗೆ ಫಳಫಳ ಬಿಳುಪು. ಮೂಟೆಗಳು ಎಲ್ಲಿ ಹೋದವೆಂದು ಗೋಡೆಗಳೇ ಹೇಳುತ್ತಿದ್ದವು. ಬಾವಿಗೆ ಬೀಳಬೇಕಾದ ಸುಣ್ಣವನ್ನು ಮಗನ ಮದುವೆಗೆ ಮನೆಗೆ ಬಳಿದಿದ್ದ.

ರಮ್ಯಾ ಹೊಸಿಲಿನಿಂದ ಹಿಂದೆ ಸರಿದು, ಆ ಬಿಳಿ ಜಗಲಿಯ ಮೇಲೆ ಸೀರೆ ಒತ್ತರಿಸಿಕೊಂಡು ಕೂತಳು.

"ಬೀರಮ್ಮನಿಗೆ ಉತ್ತರ ಕೊಡಿ ಮಾವ. ಆಮೇಲೆ ಬತ್ತೀನಿ."

"ಏಳಮ್ಮಿ! ಮುಹೂರ್ತ ಮೀರ್ತದೆ!" ಎಂದಳು ಲತಾಮಣಿ.

"ಮೀರ್ಲಿ. ನಾನಾಗ್ಲೇ ಕಾಲು ಗಂಟೆ ನಿಂತಿದ್ದೆ, ಯಾರೂ ಗಡಿಯಾರ ನೋಡ್ಲಿಲ್ಲ."

ಮನೋಹರ ಅಪ್ಪನನ್ನು ನೋಡಿದ, ಹೆಂಡತಿಯನ್ನು ನೋಡಿದ. ಬಾಸಿಂಗ ಬಿಚ್ಚಿ ಕೈಯಲ್ಲಿ ಹಿಡಿದು, ಜಗಲಿಯ ಇನ್ನೊಂದು ತುದಿಯಲ್ಲಿ, ಅಷ್ಟು ದೂರದಲ್ಲಿ, ಕೂತ. ಅದು ಧೈರ್ಯವೋ ಬರೀ ಕಾಲುನೋವೋ ಹೇಳುವಂತಿರಲಿಲ್ಲ. ರಮ್ಯಾ ಸದ್ಯಕ್ಕೆ ಕಾಲುನೋವೆಂದೇ ಇಟ್ಟುಕೊಂಡಳು.

ಚೆಲುವಯ್ಯನ ಮುಷ್ಟಿ ಚುರುಗುಟ್ಟತೊಡಗಿತ್ತು. ಬೆವರಿದ ಅಂಗೈಯ ಗೆರೆಗಳಲ್ಲಿ ಸುಣ್ಣ ಇಳಿದು ಉರಿಯುತ್ತಿತ್ತು. ನಿಂತು ನೋಡಿದ, ಕೈ ಕೊಡವಿದ, ಕೊನೆಗೆ ತಾಳಲಾರದೆ ಅಂಗಳದ ತೊಟ್ಟಿಗೆ ಅದ್ದಿದ. ಬೋರಿನ ನೀರು. ಹುಳಿ ಹೋಗಿ ಸುಣ್ಣವನ್ನು ತಿಂದಿತು, ಉರಿ ಆರಿತು. ಅದೊಂದು ಉಪಕಾರವಾದರೂ ಅವನಿಗೆ ಆ ನೀರಿನಿಂದ ಆಯಿತು.

"ಅದೇ ನೀರು," ಎಂದ ತೊಟ್ಟಿಯ ಕಡೆಗೇ ಬಗ್ಗಿಕೊಂಡು.

"ಬೇಲಿ ತನಕ ಕೇಳಿಸ್ಲಿಲ್ಲ ಮಾವ."

"ಅದೇ ನೀರು ಕಣಮ್ಮಾ ಬೀರಿ! ನಿನ್ ಕುರಿ ಕುಡ್ದಿದ್ದು ಇದೇ ನೀರು!"

ಬೀರಮ್ಮ ಬೇಲಿ ಬಿಟ್ಟು, ಕರೆಯದಿದ್ದರೂ, ಅಂಗಳದ ಒಳಗೆ ಬಂದಳು.

ರಮ್ಯಾ ಎದ್ದಳು. ಸರಸಮ್ಮನ ಒಂದು ಕೈಯಲ್ಲಿ ಮುಷ್ಟಿ ಸುಣ್ಣದ ತಟ್ಟೆ, ಇನ್ನೊಂದರಲ್ಲಿ ಚಿಟಿಕೆಯದು. ಎರಡೂ ಕೆಂಪೇ. ಅತ್ತೆ ಒಂದು ಗಳಿಗೆ ಗಂಡನ ಬೆನ್ನನ್ನು ನೋಡಿ ಮೊದಲನೆಯದನ್ನು ಕೆಳಗಿಟ್ಟಳು. ಎರಡನೆಯದನ್ನು ಸೊಸೆಗೆ ಎತ್ತಿದಳು.

ಅಕ್ಕಿಯ ಸೇರನ್ನು ರಮ್ಯಾ ಬಲಗಾಲಿನಿಂದ, ಬೇಕಾದದ್ದಕ್ಕಿಂತ ಒಸಿ ಜೋರಾಗಿಯೇ, ಒದ್ದಳು. ಅದು ಉರುಳುತ್ತ ನಡುಮನೆಯ ತನಕ ಹೋಯಿತು.