ಎವಿಲಾಸಿಯೊ ಅವರ ಬೆಕ್ಕು

ಕಂಬವೊಂದನ್ನು ಮುಟ್ಟದೆ ದಾಟಿ ಹೋಗುವುದು ಎವಿಲಾಸಿಯೊ ಅವರಿಗೆ ಸಾಧ್ಯವೇ ಇರಲಿಲ್ಲ. ಬೀದಿಯಲ್ಲಿ ಯಾರೊಂದಿಗೆ ಎಷ್ಟೇ ಗಂಭೀರವಾದ ಮಾತು ನಡೆದಿರಲಿ, ದೀಪದ ಕಂಬ ಎದುರಾದೊಡನೆ ಅವರ ಎಡಗೈ ತಾನಾಗಿ ಚಾಚಿಕೊಂಡು ಆ ಹಳೆಯ ಮರದ ಮೈಯನ್ನು ಸವರುತ್ತಿತ್ತು, ಕತ್ತು ಓರೆಯಾಗುತ್ತಿತ್ತು, ಕಿವಿ ಕಂಬಕ್ಕೆ ಅಂಟುತ್ತಿತ್ತು. ಅಷ್ಟು ಹೊತ್ತು ಎದುರಿನವರು, ಪಾದ್ರಿಗಳೇ ಆಗಿದ್ದರೂ, ಮಾತನ್ನು ಬಾಯಲ್ಲಿಟ್ಟುಕೊಂಡು ಕಾಯಬೇಕಾಗಿತ್ತು. ವರ್ಷಗಟ್ಟಲೆ ಕಂಬ ಹತ್ತಿ ಇಳಿದು ಕಾಲುಗಳು ಬಾಗಿದ್ದರಿಂದ, ಸಮನೆಲದ ಮೇಲೂ ಅವರು ಏನನ್ನೋ ಹತ್ತುತ್ತಿರುವವರ ಹಾಗೆಯೇ ನಡೆಯುತ್ತಿದ್ದರು. ವಿದ್ಯುತ್ ಕಂಪನಿ ಕೊಟ್ಟ ಹಳದಿ ಮಳೆಕೋಟನ್ನು ಸುಡುಬಿಸಿಲಿನಲ್ಲೂ ಬಿಚ್ಚುತ್ತಿರಲಿಲ್ಲ. ಮಾತು ಕಡಿಮೆ, ಆಡಿದ ಪ್ರತಿ ಮಾತಿನ ಬಾಲಕ್ಕೂ "ಕೇಳಿಸ್ತಾ?" ಎಂಬ ಗಂಟೊಂದನ್ನು ಹಾಕುವುದು ಅವರ ರೂಢಿ. "ನಮಸ್ಕಾರ ಟೀಚರ್, ಕೇಳಿಸ್ತಾ?" ಎಂದರೆ ನಾನು ನಕ್ಕು ತಲೆಯಾಡಿಸುತ್ತಿದ್ದೆ. ಶಾಲೆಯ ಮಕ್ಕಳು ಅವರ ಬೆನ್ನ ಹಿಂದೆ ಅದನ್ನೇ ಅನುಕರಿಸುತ್ತಿದ್ದರು. ಆಗ ಅವರನ್ನು ಗದರಿಸಬೇಕಾದ ನಾನೂ ಬಾಯಿಗೆ ಕೈ ಅಡ್ಡ ಹಿಡಿಯುವಷ್ಟು ನಗುತ್ತಿದ್ದೆ ಎಂಬುದನ್ನು ಈಗ ಒಪ್ಪಿಕೊಳ್ಳಬೇಕು.

ತಪಜೋಸ್ ನದಿಯ ದಂಡೆಯ ನಮ್ಮ ವಿಲಾ ಕಾಂಡೇಯಾ ಊರಿಗೆ ಅವರೊಬ್ಬರೇ ಲೈನ್‌ಮನ್. ನಮ್ಮ ಕಡೆ ಕಂಬದಿಂದ ಕದ್ದೆಳೆದ ತಂತಿಗೆ ಬೆಕ್ಕು ಎಂದು ಹೆಸರು. ಊರಿನ ಅರ್ಧ ಮನೆಗಳು ಅಂಥ ಬೆಕ್ಕುಗಳನ್ನು ಸಾಕಿದ್ದವು. ಎವಿಲಾಸಿಯೊ ಅವರದು ಮಾತ್ರ ಲೋಕಕ್ಕಿಲ್ಲದ ಪ್ರಾಮಾಣಿಕತೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರು ಬಿಡಿಸಿದ ಮೊಟ್ಟಮೊದಲ ಬೆಕ್ಕು ಸ್ವಂತ ತಂಗಿ ಲಿಂದೌರಾಳದು. ಗಂಡ ಬಿಟ್ಟುಹೋದ ಮೇಲೆ ಐಸ್‌ಕ್ಯಾಂಡಿ ಮಾರಿ ಬದುಕುತ್ತಿದ್ದ ಇಪ್ಪತ್ತೆರಡರ ಹೆಣ್ಣು. ಬೀದಿಯೆಲ್ಲ ನೋಡುತ್ತಿರುವಾಗ ಅಣ್ಣ ತಂತಿ ಕತ್ತರಿಸಿದ, ಸಂಜೆಯೊಳಗೆ ಫ್ರಿಜ್ಜಿನಲ್ಲಿದ್ದುದೆಲ್ಲ ಕರಗಿ ಅಂಗಳಕ್ಕೆ ಹರಿಯಿತು. ಮರುತಿಂಗಳು ಅವಳು ಚಿನ್ನದ ಗಣಿಗೆ ಹೋಗುವ ದೋಣಿಯಲ್ಲಿ ಅಡುಗೆಯವಳಾಗಿ ಹೊರಟುಹೋದಳು, ಹೇಳದೆ.

ಆ ಗಣಿಗಳಿಗೆ ಅಂಚೆಯಿಲ್ಲ. ದೂರದವರು ದೂರದವರಿಗೆ ಮಾತು ಮುಟ್ಟಿಸಲು ನಮಗಿದ್ದದ್ದು ರೇಡಿಯೋ ಒಂದೇ. ಬೆಳಗಿನ ಐದೂವರೆಗೆ ನಗರದ ನಿಲಯದಿಂದ ಅರ್ಧ ಗಂಟೆ ಸಂದೇಶಗಳನ್ನು ಓದುತ್ತಿದ್ದರು: ಮೇಲ್ದಂಡೆಯ ದೋನಾ ಇಜೌರಾ ಅವರಿಗೆ ಗಂಡನಿಂದ, ಆಪರೇಷನ್ ಆಯಿತು, ಸುಖವಾಗಿದ್ದೇನೆ, ಹಂದಿಯನ್ನು ಮಾರಬೇಡ. ಎರಡು ವರ್ಷದ ಮೇಲೆ ಒಂದು ಬೆಳಗ್ಗೆ ಹೀಗೆಯೇ ಎವಿಲಾಸಿಯೊ ಅವರ ಹೆಸರು ಬಂತು. ಕೇಳಿದ್ದನ್ನು ಕೇಳಿದ ಹಾಗೆಯೇ ಅವರು ಸಿಗರೇಟು ಪೊಟ್ಟಣದ ಹಿಂಬದಿಗೆ ಗೀಚಿಕೊಂಡರು. ಆ ತುಣುಕು ಮಳೆಕೋಟಿನ ಒಳಜೇಬಿನಲ್ಲಿರುತ್ತಿತ್ತು, ನನಗೊಮ್ಮೆ ತೋರಿಸಿದ್ದರು. "ಅಣ್ಣನಿಗೆ ಲಿಂದೌರಾಳಿಂದ. ಕೋಪ ಹೋಯ್ತು. ಸಂತ ಯೋವಾನ್ನರ ಹಬ್ಬಕ್ಕೆ ಬರ್ತೀನಿ. ಬರದಿದ್ರೆ ರೇಡಿಯೋದಲ್ಲೇ ತಿಳಿಸ್ತೀನಿ. ಕೇಳ್ತಾ ಇರು."

ಹಬ್ಬಕ್ಕೆ ಅವಳು ಬರಲಿಲ್ಲ. ಎವಿಲಾಸಿಯೊ ಕೇಳುತ್ತಾ ಇದ್ದರು. ಮಾವಿನ ಮರದಿಂದ ಮನೆಯ ಸೂರಿಗೆ ಉದ್ದನೆಯ ತಂತಿ ಕಟ್ಟಿ, ಅದರ ತುದಿಯನ್ನು ಬ್ಯಾಟರಿ ರೇಡಿಯೋಗೆ ಸಿಕ್ಕಿಸಿ, ಮರಗೆಣಸಿನ ಹಿಟ್ಟು ಕಲಸಿದ ಕಾಫಿಯ ಬಟ್ಟಲನ್ನು ಮೊಣಕಾಲ ಮೇಲಿಟ್ಟುಕೊಂಡು, ಒಂದು ಬೆಳಗನ್ನೂ ತಪ್ಪಿಸದೆ, ಇಪ್ಪತ್ತೊಂದು ವರ್ಷ ಕೇಳಿದರು.

ಎರಡು ಸಾವಿರದ ಏಳರಲ್ಲಿ ಕರೆಂಟಿನ ತಂತಿಯಲ್ಲೇ ಇಂಟರ್ನೆಟ್ಟನ್ನು ಹರಿಸುವ ಪ್ರಯೋಗಕ್ಕೆ ಯಾರೋ ದೊಡ್ಡವರು ನಮ್ಮೂರನ್ನು ಆರಿಸಿದರು. ಡೀಸೆಲ್ ಎಂಜಿನ್ನುಗಳ ವಿದ್ಯುತ್‌ಮನೆಯ ಮೇಲೆ ಆಕಾಶಕ್ಕೆ ಮುಖಮಾಡಿದ ದೊಡ್ಡ ತಟ್ಟೆಯೊಂದು ಬಂತು. ಅದು ಹಿಡಿದದ್ದನ್ನು ಪೆಟ್ಟಿಗೆಯೊಂದು ತಂತಿಗೆ ದಾಟಿಸುತ್ತಿತ್ತು. ಟ್ರಾನ್ಸ್‌ಫಾರ್ಮರನ್ನು ಅದು ತಾನಾಗಿ ದಾಟಲಾರದು ಎಂದು ಪ್ರತಿಯೊಂದರ ಪಕ್ಕದಲ್ಲೂ ಇನ್ನೊಂದು ಪುಟ್ಟ ಪೆಟ್ಟಿಗೆ ಕಟ್ಟಿದರು. ಕಟ್ಟಿದವರು ಬೇರೆ ಯಾರೂ ಅಲ್ಲ, ಎವಿಲಾಸಿಯೊ ಅವರೇ. ಮನೆಯಲ್ಲಿ ಗೋಡೆಯ ಪ್ಲಗ್ಗಿಗೆ ಚುಚ್ಚಿದರೆ ಮುಗಿಯಿತು, ಪ್ರಪಂಚ ಬಂತು. ಊರಿಗೆ ಊರೇ ಮರುಳಾಗಿ ಪ್ಲಗ್ಗುಗಳನ್ನು ನೋಡಿತು. ನೆರೆಮನೆಯ ಅಜ್ಜಿ ದೋನಾ ಜೆನೆರೋಜಾ ಕಂಬದ ಬುಡಕ್ಕೇ ಬಂದು ವಿಚಾರಿಸಿದರು.

"ಹಾಗಾದ್ರೆ ನನ್ನ ಫ್ರಿಜ್ಜಿಗೂ ಬರುತ್ತೇನಪ್ಪ ಅದು? ಮೀನು ಕೆಡಲ್ಲ ತಾನೆ?"

"ನಿಮ್ಮ ಮೀನಿಗೆ ಓದೋಕೆ ಬಂದ್ರೆ ಮಾತ್ರ ಬರುತ್ತೆ ಅಜ್ಜಿ. ಕೇಳಿಸ್ತಾ?" ಎಂದರು ಮೇಲಿನಿಂದ ಎವಿಲಾಸಿಯೊ.

ಅದು ಅವರು ನಗೆಯಾಡಿದ ಕೊನೆಯ ಮಧ್ಯಾಹ್ನ. ಮರುದಿನ ಐದೂವರೆಗೆ ರೇಡಿಯೋ ಹಚ್ಚಿದರೆ ಒಂದೇ ಸಮನೆ ಬುಸ್ ಎನ್ನುವ ಸದ್ದು. ತಂತಿಯಲ್ಲಿ ಹರಿಯುತ್ತಿದ್ದ ಹೊಸ ಸರಕು ಸುತ್ತಲಿನ ಗಾಳಿಗೂ ಸೋರಿ, ರೇಡಿಯೋದ ಆ ಅಲೆಯನ್ನೇ ಮುಚ್ಚಿಹಾಕಿತ್ತು. ರೇಡಿಯೋವನ್ನು ದೋಣಿಯಲ್ಲಿ ಹೊಳೆಯ ನಡುವಿಗೆ ಒಯ್ದು ನೋಡಿದರು. ಮಾವಿನ ಮರದ ತಂತಿಯಿಲ್ಲದೆ ಆ ಮುದಿ ರೇಡಿಯೋಗೆ ಏನೂ ಕೇಳುತ್ತಿರಲಿಲ್ಲ. ಕಂಪನಿಗೆ ಬರೆದರು. ಈ ಕಾಲದಲ್ಲಿ ರೇಡಿಯೋ ಯಾರು ಕೇಳುತ್ತಾರೆ ಎಂಬ ಅರ್ಥದ ಸೌಜನ್ಯಪೂರ್ಣ ಉತ್ತರ ಬಂತು.

ಆಮೇಲೆ ಶುರುವಾದದ್ದು ನಮ್ಮೂರಿನ ಇತಿಹಾಸದಲ್ಲೇ ಅತ್ಯಂತ ವಿಚಿತ್ರವಾದ ಕಳ್ಳತನ. ಪ್ರತಿ ಬೆಳಗ್ಗೆ ಐದೂಕಾಲಿಗೆ ಹಳದಿ ಕೋಟೊಂದು ತನ್ನ ಮನೆ ಪಕ್ಕದ ಹೊಳೆದಂಡೆಯ ಟ್ರಾನ್ಸ್‌ಫಾರ್ಮರಿನ ಕಂಬ ಹತ್ತಿ, ಪುಟ್ಟ ಪೆಟ್ಟಿಗೆಯ ತಂತಿ ಬಿಡಿಸಿ, ಬುಸ್ ಸದ್ದು ನಿಂತ ರೇಡಿಯೋದಲ್ಲಿ ಸಂದೇಶಗಳನ್ನು ಕೇಳಿ, ಆರು ಹೊಡೆದ ಮೇಲೆ ಮತ್ತೆ ಹತ್ತಿ ಸಿಕ್ಕಿಸುತ್ತಿತ್ತು. ಶಾಲೆ, ಆಸ್ಪತ್ರೆ, ಹತ್ತಾರು ಮನೆಗಳಿಗೆ ಆ ಮುಕ್ಕಾಲು ಗಂಟೆ ಇಂಟರ್ನೆಟ್ಟಿಲ್ಲ. ನಗರದ ಕಚೇರಿಯಲ್ಲಿ ಕುಳಿತವರು ದಿನವೂ ಅದೇ ವೇಳೆಗೆ ಬೀಳುವ ಈ ಖೋತಾವನ್ನು ಗಮನಿಸಿ, ಹೊಳೆದಂಡೆಯಲ್ಲಿ ಯಾವುದೋ ಬೆಕ್ಕು ಸೇರಿಕೊಂಡಿದೆ, ಹಿಡಿಯತಕ್ಕದ್ದು ಎಂದು ಎವಿಲಾಸಿಯೊ ಅವರಿಗೇ ಆಜ್ಞೆ ಕಳಿಸಿದರು. ಜನ್ಮದಲ್ಲಿ ಸುಳ್ಳು ಬರೆಯದ ಮನುಷ್ಯ ಬರೆದ ವರದಿಯನ್ನು ಟೈಪು ಮಾಡಿದವಳು ನಾನೇ: "ಬೆಕ್ಕನ್ನು ನೋಡಿದ್ದೇನೆ. ಏನನ್ನೂ ಕದಿಯುವುದಿಲ್ಲ. ಆರು ಗಂಟೆಗೆ ಹೊರಟುಹೋಗುತ್ತದೆ."

ಊರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ತಂಗಿಯ ತಂತಿಗೆ ಕೊಡದ ವಿನಾಯಿತಿಯನ್ನು ಇಷ್ಟು ವರ್ಷದ ಮೇಲೆ ತನಗೆ ಕೊಟ್ಟುಕೊಂಡ ಅಣ್ಣನನ್ನು ದೂರುವ ಮನಸ್ಸು ನಮಗಿರಲಿಲ್ಲ.

ನವೆಂಬರಿನ ಒಂದು ಬೆಳಗ್ಗೆ, ಅವರು ಕಂಬದ ಬುಡಕ್ಕೆ ಬರುವ ಹೊತ್ತಿಗೆ ನರ್ಸ್ ಒಡಿನೇಯಾ ಅಲ್ಲಿ ನಿಂತಿದ್ದಳು. ಮೀನುಗಾರರ ಮನೆಯ ರೊಸಿಲೇನಿಗೆ ಹೆರಿಗೆ ಕಷ್ಟವಾಗಿತ್ತು, ಮಗು ಅಡ್ಡ ತಿರುಗಿತ್ತು. ಡಾಕ್ಟರಿರುವ ನಗರಕ್ಕೆ ದೋಣಿಯಲ್ಲಿ ಹನ್ನೊಂದು ಗಂಟೆಯ ದಾರಿ. ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಆ ಡಾಕ್ಟರ ಮುಖ ಮೂಡಿತ್ತು. ಅವರು ಹೇಳಿದಂತೆ ಒಡಿನೇಯಾ ಮಾಡಬೇಕು. ಕಂಬದ ಎದುರಿಗೇ ಇದ್ದ ಆ ಆಸ್ಪತ್ರೆಯ ಹೊರಗೆ ಬಿಸಿನೀರಿಗೆಂದು ಓಡಾಡುತ್ತಿದ್ದ ನನಗೆ ಇಬ್ಬರ ಮಾತೂ ಕೇಳಿಸಿತು.

"ಅಣ್ಣಾ, ಇವತ್ತೊಂದು ದಿನ ನಿಮ್ಮ ಬೆಕ್ಕನ್ನ ಕಟ್ಟಿಹಾಕಿ."

"ಎಷ್ಟು ಹೊತ್ತು?"

"ನನಗೇನು ಗೊತ್ತು? ಅವಳಿಗೇ ಗೊತ್ತಿಲ್ಲ."

ಅವರು ಕಂಬದ ಕಡೆಗೊಮ್ಮೆ, ಮಾವಿನ ಮರದ ಕಡೆಗೊಮ್ಮೆ ನೋಡಿದರು. "ಕೇಳಿಸ್ತು, ಹೋಗು," ಎಂದರು. ಆಮೇಲೆ ಎಡಗೈಯನ್ನು ಕಂಬದ ಮೇಲಿಟ್ಟು, ಬೇರೆ ಯಾರಾದರೂ ಬಂದು ಆ ತಂತಿಯನ್ನು ಬಿಡಿಸಿಬಿಟ್ಟಾರೇನೋ ಎಂಬಂತೆ, ಅಲ್ಲೇ ಕಾವಲು ನಿಂತರು. ಆರೂಕಾಲಿಗೆ ಹೆಣ್ಣುಮಗು ಅತ್ತಿತು. ತಾಯಿಯೂ ಉಳಿದಳು.

ಹತ್ತು ದಿನದ ಮೇಲೆ ಕೆಳದಂಡೆಯಿಂದ ಜೋವೆಲಿನೊ ಎಂಬ ದೋಣಿಯವನು ಒಣಮೀನು ಇಳಿಸಲು ಬಂದ. ಅವನಿರುವ ಕಡೆ ಕರೆಂಟಿಲ್ಲ, ಹಾಗಾಗಿ ರೇಡಿಯೋ ಚೆನ್ನಾಗಿ ಕೇಳುತ್ತದೆ.

"ಏನಣ್ಣ, ಆವತ್ತು ನಿಮ್ಮ ಹೆಸರು ಓದಿದ್ರಲ್ಲ ರೇಡಿಯೋದಲ್ಲಿ. ಒಳ್ಳೆ ಸುದ್ದಿ ತಾನೆ?"

ಬುಟ್ಟಿ ಹಿಡಿದಿದ್ದ ಎವಿಲಾಸಿಯೊ ಬುಟ್ಟಿಯನ್ನು ಕೆಳಗಿಟ್ಟರು. "ಯಾವತ್ತು?"

ಅವನು ಹೇಳಿದ್ದು ರೊಸಿಲೇನಿಯ ಮಗು ಹುಟ್ಟಿದ ದಿನವನ್ನೇ.

"ಏನಂತ ಓದಿದ್ರು?"

"ವಿಲಾ ಕಾಂಡೇಯಾದ ಲೈನ್‌ಮನ್ ಎವಿಲಾಸಿಯೊಗೆ ಅಂದ್ರು. ಆಮೇಲೆ ನಾನು ದೋಣಿ ಎಂಜಿನ್ ಶುರು ಮಾಡಿಬಿಟ್ಟೆ ಅಣ್ಣ. ನೀವು ಹೇಗೂ ಕೇಳಿರ್ತೀರಿ ಅಂತ."

ಜೋವೆಲಿನೊನನ್ನು ನಾನು ಇವತ್ತಿಗೂ ಪೂರ್ತಿಯಾಗಿ ಕ್ಷಮಿಸಿಲ್ಲ. ಎವಿಲಾಸಿಯೊ ಆಗಲೇ ಅವನ ಬುಟ್ಟಿಯನ್ನು ಮತ್ತೆ ಎತ್ತಿಕೊಂಡಿದ್ದರು. ನಾನು ಶಾಲೆಗೆ ಓಡಿ, ಅದೇ ತಂತಿಯ ಇಂಟರ್ನೆಟ್ಟಿನಲ್ಲಿ, ರೇಡಿಯೋ ನಿಲಯಕ್ಕೆ ಬರೆದೆ. ಮೂರನೆಯ ದಿನ ಉತ್ತರ ಬಂತು: ಫೋನಿನಲ್ಲಿ ಯಾರೋ ಹೆಂಗಸು ಬರೆಸಿದ್ದಿರಬೇಕು. ಓದಿದ ಚೀಟಿಗಳನ್ನು ಅವತ್ತೇ ಹರಿದುಹಾಕುತ್ತಾರೆ. ಓದಿದವರಿಗೆ ನೆನಪಿಲ್ಲ, ವಿಷಾದವಿದೆ. ಎವಿಲಾಸಿಯೊ ಅದನ್ನು ನನ್ನಿಂದ ಎರಡು ಸಲ ಓದಿಸಿದರು. ಪರದೆಯ ಮೇಲೆ ಎಡಗೈ ಇಟ್ಟು, ಕತ್ತು ಓರೆ ಮಾಡಿ, ಸ್ವಲ್ಪ ಹೊತ್ತು ನಿಂತರು. ನನಗೆ ಅಳು ಬಂತು, ಅವರ ಎದುರಿಗೇ ಅತ್ತೆ.

ಮುಂದಿನ ಭಾನುವಾರ ರೊಸಿಲೇನಿ ಮಗುವನ್ನೆತ್ತಿಕೊಂಡು ಅವರ ಜಗಲಿಗೆ ಬಂದಳು. ಮಗುವಿಗೆ ಲಿಂದೌರಾ ಎಂದು ಹೆಸರಿಡುತ್ತೇವೆ, ನೀವೇ ದೀಕ್ಷಾಸ್ನಾನದ ಧರ್ಮತಂದೆಯಾಗಬೇಕು ಎಂದಳು. ಧರ್ಮತಂದೆಯಾಗಲು ಅವರು ಒಪ್ಪಿದರು. ಹೆಸರಿಗೆ ಮಾತ್ರ ಬೇಡವೆಂದು ತಲೆ ಅಲ್ಲಾಡಿಸಿಬಿಟ್ಟರು.

"ಬೇಡಮ್ಮ. ತೀರಿಹೋದವರ ಹೆಸರನ್ನ ಇಡೋದು. ಆ ಹೆಸರಿನವಳು ಇದ್ದಾಳೆ. ಆವತ್ತು ರೇಡಿಯೋಗೆ ಫೋನ್ ಮಾಡಿದ್ಲಲ್ಲ, ಕೇಳಿಸ್ತಾ?"

ಪ್ರಯೋಗ ಎರಡೇ ವರ್ಷಕ್ಕೆ ಮುಗಿಯಿತು. ಕಂಬಗಳ ಮೇಲಿನ ಪುಟ್ಟ ಪೆಟ್ಟಿಗೆಗಳನ್ನು ಕಟ್ಟಿದವರೇ ಬಿಚ್ಚಿ ಇಳಿಸಿದರು. ಗುಡ್ಡದ ಮೇಲೆ ಮೊಬೈಲ್ ಟವರು ಎದ್ದಿತು. ರೇಡಿಯೋದ ಬುಸುಗುಟ್ಟುವಿಕೆ ನಿಂತು, ಸಂದೇಶ ಓದುವ ದನಿ ಮತ್ತೆ ತಿಳಿಯಾಯಿತು. ಆದರೆ ಈಗ ಸಂದೇಶ ಕಳಿಸುವವರೇ ಕಡಿಮೆ. ಕೆಲವು ಬೆಳಗುಗಳಲ್ಲಿ ಅರ್ಧ ಗಂಟೆಯೂ ಹಾಡನ್ನೇ ಹಾಕುತ್ತಾರೆ. ಮಾವಿನ ಮರದ ಕೆಳಗೆ ಹಳದಿ ಕೋಟು ಕುಳಿತಿರುತ್ತದೆ.

ಇಂಥವರು ಪ್ರತಿ ಊರಿನಲ್ಲೂ ಒಬ್ಬಿಬ್ಬರು ಇರುತ್ತಾರೆಂದು ನನ್ನ ನಂಬಿಕೆ. ಮಂದಿಯ ಬೆಳಕು, ಮಂದಿಯ ಮಾತು, ಮಂದಿಯ ಮಗುವಿನ ಮೊದಲ ಅಳು ಎಲ್ಲವೂ ಅವರ ಕೈಯನ್ನು ಹಾದು ಮನೆಮನೆಗೆ ತಲುಪುತ್ತವೆ. ಅವರ ಪಾಲಿಗೆ ಬರಬೇಕಾದ ಒಂದೇ ಒಂದು ಮಾತು, ನಮ್ಮೆಲ್ಲರ ಮಾತು ಹಾದುಹೋಗಲೆಂದು ಅವರು ಬದಿಗೆ ಸರಿದು ನಿಂತಾಗ, ಕಳೆದುಹೋಗುತ್ತದೆ. ಅದಕ್ಕಾಗಿ ಅವರು ಯಾರನ್ನೂ ದೂರುವುದಿಲ್ಲ, ಕೇಳುವುದನ್ನು ಬಿಡುವುದೂ ಇಲ್ಲ. ಎದುರಿಗೆ ಸಿಕ್ಕವರನ್ನೆಲ್ಲ ಅವರು ಇಷ್ಟು ವರ್ಷ ಒಂದೇ ಪ್ರಶ್ನೆ ಕೇಳಿದರು, ನಾವು ಅದನ್ನು ಅವರ ಚಾಳಿ ಎಂದುಕೊಂಡು ನಕ್ಕೆವು. ಈಗ ದಾರಿಯಲ್ಲಿ ಸಿಕ್ಕು "ನಮಸ್ಕಾರ ಟೀಚರ್, ಕೇಳಿಸ್ತಾ?" ಎಂದರೆ ನಾನು ತಲೆಯಾಡಿಸಿ ಸುಮ್ಮನಾಗುವುದಿಲ್ಲ. ನಿಂತು, ಅವರ ಮುಖ ನೋಡಿ, "ಕೇಳಿಸ್ತು ಅಣ್ಣ," ಎನ್ನುತ್ತೇನೆ.